ಕೆಟ್ಟ ಯಂತ್ರದ ಭಾಷೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ಕಂಡುಹಿಡಿದವರ ಹೆಸರಿನಿಂದ ಆರಂಭಿಸುತ್ತಾರೆ. ಅವುಗಳನ್ನು ತಯಾರಿಸಿ ಮಾರಿದವರ ಏಳುಬೀಳುಗಳೊಂದಿಗೆ ಮುಗಿಸುತ್ತಾರೆ. ಈ ಇಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಯಂತ್ರ ಮನೆಗೆ ಬಂದ ಮೇಲೆ, ಒಂದು ದಿನ ಅದು ಮುಷ್ಕರ ಹೂಡಿದಾಗ, ಅದರ ಎದುರು ಕುಳಿತು ‘ಇದಕ್ಕೆ ಏನಾಗಿದೆ?’ ಎಂದು ಯೋಚಿಸಿದವನು ಅವನು. ಒಮ್ಮೆ ಅವನು ಬೀದಿಯ ಮೂಲೆಯ ರೇಡಿಯೋ ರಿಪೇರಿಯವನು. ಇನ್ನೊಮ್ಮೆ ತಾರಸಿ ಹತ್ತಿದ ಮನೆಯ ಹಿರಿಯ ಮಗ. ಮತ್ತೊಮ್ಮೆ ಗಣಕಯಂತ್ರದ ಮುಚ್ಚಳ ಬಿಚ್ಚಿದ ಶಾಲಾ ಬಾಲಕಿ. ಚರಿತ್ರೆಯ ಪುಟಗಳಲ್ಲಿ ಇಂಥವರಿಗೆ ಸಿಕ್ಕಿರುವ ಸ್ಥಳ ಕಡಿಮೆ. ಆದರೆ ನಮ್ಮ ಸಾಮಾನ್ಯ ಸಂಸಾರಗಳು ವಿಜ್ಞಾನದೊಡನೆ ನೇರವಾಗಿ ಮಾತನಾಡಿದ್ದು ಇವರ ಮೂಲಕವೇ. ಇಂದಿನ ಈ ಭಾಷಣದಲ್ಲಿ ಅವರ ಕಥೆಯನ್ನು ಸ್ವಲ್ಪ ನೆನೆಯಬೇಕೆಂದಿದ್ದೇನೆ.

1980ರ ದಶಕದಲ್ಲಿ ನಮ್ಮ ಯಾವುದಾದರೊಂದು ಪಟ್ಟಣದ ಬೀದಿಯಲ್ಲಿ ಸಂಜೆ ನಡೆದು ಹೋದವರ ಕಿವಿಗೆ ಒಂದು ಸಂಭಾಷಣೆ ಬಿದ್ದೇ ಇರುತ್ತದೆ. ತಾರಸಿಯ ಮೇಲಿನಿಂದ ಒಂದು ದನಿ: “ಈಗ ಬಂತೇನೋ?” ಕಿಟಕಿಯ ಬಳಿಯಿಂದ ಇನ್ನೊಂದು: “ಬಂತು, ಬಂತು... ಅಯ್ಯೋ, ಹೋಯ್ತಣ್ಣ!” ನಡುವೆ ಅಂಗಳದಲ್ಲಿ ನಿಂತು ಒಬ್ಬರ ಮಾತನ್ನು ಮತ್ತೊಬ್ಬರಿಗೆ ಮುಟ್ಟಿಸುವ ಮೂರನೆಯ ದನಿ. ಕಂಬವನ್ನು ಒಂದು ಬೆರಳಿನಷ್ಟು ತಿರುಗಿಸಿದರೆ ವಾರ್ತೆ ಓದುವವರ ಮುಖ ಸ್ಪಷ್ಟವಾಗುತ್ತಿತ್ತು. ಇನ್ನೊಂದು ಬೆರಳಿನಷ್ಟು ತಿರುಗಿಸಿದರೆ ಹಿಮಪಾತದಲ್ಲಿ ಮುಳುಗುತ್ತಿತ್ತು. ಈ ಸಂಭಾಷಣೆ ಇಂದು ನಿಂತುಹೋಗಿದೆ. ಅದರೊಂದಿಗೆ ಇನ್ನೇನು ನಿಂತುಹೋಯಿತು ಎಂಬುದೇ ಇಲ್ಲಿನ ಪ್ರಶ್ನೆ.

ಕಥೆ ದೂರದರ್ಶನಕ್ಕಿಂತ ಹಿಂದಿನದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕದ ಶಕ್ತಿ 30 ವಾಟ್; ಇಂದು ಕೋಣೆಯೊಂದರ ದೀಪಕ್ಕೆ ಸಾಲುವಷ್ಟು. ಆ ಕಾಲದ ಬಾನುಲಿ ಪೆಟ್ಟಿಗೆಯೊಳಗೆ ಇದ್ದುದು ಗಾಜಿನ ವಾಲ್ವುಗಳು. ಗುಂಡಿ ತಿರುಗಿಸಿದ ಮೇಲೆ ಅವು ಕಾಯಬೇಕು, ಕೆಂಪಗೆ ಹೊಳೆಯಬೇಕು; ಆಮೇಲೆ ದನಿ. ಪೆಟ್ಟಿಗೆಯ ಹಿಂಬದಿಯಿಂದ ಇಣುಕಿ ನೋಡಿದರೆ ಯಾವ ವಾಲ್ವು ಹೊಳೆಯುತ್ತಿದೆ, ಯಾವುದು ಇಲ್ಲ ಎಂಬುದು ಬರಿಗಣ್ಣಿಗೇ ತಿಳಿಯುತ್ತಿತ್ತು. ಹೊಳೆಯದ್ದನ್ನು ಕಿತ್ತು ಹೊಸದನ್ನು ಕೂರಿಸಿದರೆ ಅನೇಕ ವೇಳೆ ರೋಗ ವಾಸಿ. ಅಮೆರಿಕದಲ್ಲಂತೂ 1950ರ ದಶಕದಲ್ಲಿ ಔಷಧದ ಅಂಗಡಿಗಳಲ್ಲೇ ವಾಲ್ವು ಪರೀಕ್ಷಿಸುವ ಯಂತ್ರಗಳನ್ನು ಇಟ್ಟಿದ್ದರು. ಮನೆಯೊಡತಿಯರು ಚೀಲದಲ್ಲಿ ವಾಲ್ವುಗಳನ್ನು ತಂದು, ತಾವೇ ಪರೀಕ್ಷಿಸಿ, ಸತ್ತದ್ದಕ್ಕೆ ಬದಲು ಹೊಸದನ್ನು ಕೊಂಡು ಹೋಗುತ್ತಿದ್ದರು.

ಆದರೆ ಕೆಲವು ಪೆಟ್ಟಿಗೆಗಳಲ್ಲಿ ವಾಲ್ವುಗಳ ಕಾಯುವ ತಂತಿಗಳನ್ನು ಹಾರದ ಮಣಿಗಳಂತೆ ಒಂದರ ಹಿಂದೆ ಒಂದಾಗಿ ಜೋಡಿಸಿದ್ದರು. ಅಲ್ಲಿ ಒಂದು ಸತ್ತರೆ ಎಲ್ಲವೂ ಆರುತ್ತಿದ್ದವು. ಆಗ ಕಣ್ಣು ಸಾಲದು, ತರ್ಕ ಬೇಕು: ಒಂದೊಂದನ್ನೇ ತೆಗೆದು ಪರೀಕ್ಷಿಸುವ ತಾಳ್ಮೆ ಬೇಕು. ರೇಡಿಯೋ ಇಟ್ಟುಕೊಳ್ಳಲು ಪ್ರತಿವರ್ಷ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸು ಪಡೆಯಬೇಕಾಗಿದ್ದ ಕಾಲ ಅದು; ಆ ಪದ್ಧತಿ ಪೂರ್ತಿ ರದ್ದಾಗುವಷ್ಟರಲ್ಲಿ 1980ರ ದಶಕದ ಮಧ್ಯಭಾಗ ಬಂದಿತ್ತು. ಹಾಗೆ ಹಣ ತೆತ್ತು ಸಾಕಿದ ಯಂತ್ರ ಮೂಕವಾಗಿ ಕೂರುವುದನ್ನು ಯಾವ ಮನೆಯೂ ಸಹಿಸುತ್ತಿರಲಿಲ್ಲ. ಹೀಗಾಗಿ ಊರೂರಿಗೆ ರೇಡಿಯೋ ಮೆಕಾನಿಕ್ಕುಗಳು ಹುಟ್ಟಿಕೊಂಡರು. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಬೀದಿಗಳು ಬಿಡಿಭಾಗಗಳ ಪೇಟೆಯಾಗಿ ಬೆಳೆದವು.

ದೂರದರ್ಶನ ನಮ್ಮ ದೇಶಕ್ಕೆ ಬಂದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಗೆ. ಮುಂಬಯಿಗೆ ಬಂದದ್ದು 1972ರಲ್ಲಿ. ನಮ್ಮ ನಾಡಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಇಲ್ಲಿ ದೂರದರ್ಶನ ಮೊದಲು ಕಾಲಿಟ್ಟದ್ದು ರಾಜಧಾನಿಗಲ್ಲ, ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಪ್ರಯೋಗದಲ್ಲಿ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ಇಳಿದುಬಂದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಬೋಗುಣಿಯಾಕಾರದ ಆಂಟೆನಾ. ಅದರ ಕೆಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ವ್ಯವಸಾಯ, ಆರೋಗ್ಯ, ಮನರಂಜನೆ.

ಈ ಪ್ರಯೋಗದ ನಿಜವಾದ ಪರೀಕ್ಷೆ ಆಕಾಶದಲ್ಲಿ ನಡೆದಷ್ಟೇ ನೆಲದ ಮೇಲೂ ನಡೆಯಿತೆನ್ನಬೇಕು. ಧೂಳು, ಬಿಸಿಲು, ಏರಿಳಿಯುವ ವಿದ್ಯುತ್ತು, ಮಳೆಗಾಲದ ರಸ್ತೆಗಳು, ಇವೆಲ್ಲದರ ನಡುವೆ ದೂರದೂರದ ಹಳ್ಳಿಗಳ ಪೆಟ್ಟಿಗೆಗಳನ್ನು ಒಂದು ವರ್ಷ ನಡೆಸುವುದು ಸಾಮಾನ್ಯ ಕೆಲಸವಲ್ಲ. ಅದಕ್ಕಾಗಿಯೇ ಇಸ್ರೋ ಸಂಸ್ಥೆ ಹಳ್ಳಿಗಳ ಗುಂಪುಗಳಿಗೆ ದುರಸ್ತಿ ಕೇಂದ್ರಗಳನ್ನು ಏರ್ಪಡಿಸಿತ್ತು. ಯಂತ್ರವನ್ನು ಕೊಡುವವನು ಅದನ್ನು ಸರಿಮಾಡುವ ಕೈಯನ್ನೂ ಜೊತೆಯಲ್ಲೇ ಕೊಡಬೇಕೆಂಬ ವಿವೇಕ ಆ ಯೋಜನೆಯಲ್ಲಿತ್ತು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಕ್ಕೆ ನೆಲದ ಪ್ರೇಷಕ ಬಂತು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಮರುವರ್ಷ ಬಣ್ಣ ಬಂತು, ಏಷ್ಯನ್ ಕ್ರೀಡೆಗಳು ಬಂದವು. 1984ರಲ್ಲಿ ದೇಶದಾದ್ಯಂತ ಸಣ್ಣ ಪ್ರೇಷಕಗಳು ಸಾಲುಸಾಲಾಗಿ ತಲೆಯೆತ್ತಿದವು. ತಾರಸಿಗಳ ಮೇಲೆ ಲೋಹದ ಮೀನೆಲುಬುಗಳಂಥ ಆಂಟೆನಾಗಳ ತೋಟವೇ ಬೆಳೆಯಿತು.

ಆ ಮೀನೆಲುಬಿಗೂ ಒಂದು ಕಥೆಯಿದೆ. ಅದನ್ನು 1926ರಲ್ಲಿ ಜಪಾನಿನ ಸೆಂಡೈ ನಗರದ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದವರು ಹಿಡೆಟ್ಸುಗು ಯಾಗಿ ಮತ್ತು ಶಿಂಟಾರೊ ಉಡಾ. ತಾಯ್ನಾಡು ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1942ರಲ್ಲಿ ಜಪಾನಿನ ಸೇನೆ ಸಿಂಗಪುರವನ್ನು ಹಿಡಿದಾಗ ಬ್ರಿಟಿಷ್ ರೇಡಾರಿನ ಟಿಪ್ಪಣಿಗಳು ಕೈಗೆ ಸಿಕ್ಕವು. ಅವುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ‘ಯಾಗಿ’ ಎಂಬ ಪದದ ಅರ್ಥ ಅವರಿಗೆ ಹೊಳೆಯಲಿಲ್ಲ. ಸೆರೆಸಿಕ್ಕ ತಂತ್ರಜ್ಞನನ್ನು ವಿಚಾರಿಸಿದಾಗ, ಅದು ಜಪಾನಿನವರದೇ ಆದ ಒಬ್ಬ ಪ್ರಾಧ್ಯಾಪಕರ ಹೆಸರು ಎಂದು ತಿಳಿದು ಬೆರಗಾದರಂತೆ. ನಮ್ಮ ತಾರಸಿಯ ಮೇಲೆ ಕಾಗೆಗಳು ಕೂರುತ್ತಿದ್ದುದು ಈ ಪ್ರಾಧ್ಯಾಪಕರ ಆಂಟೆನಾದ ಮೇಲೆ. ಅದು ತಾನು ಮುಖಮಾಡಿದ ದಿಕ್ಕಿನಿಂದ ಬಂದುದನ್ನು ಮಾತ್ರ ಚೆನ್ನಾಗಿ ಕೇಳುತ್ತದೆ. ಕಾಗೆ ಕೂತೋ ಗಾಳಿ ಬೀಸಿಯೋ ಮುಖ ಪಕ್ಕಕ್ಕೆ ತಿರುಗಿತೆಂದರೆ ಚಿತ್ರ ಮಂಕಾಗುವುದು ಅದಕ್ಕಾಗಿಯೇ.

ಆ ಕಾಲದ ಪೆಟ್ಟಿಗೆ ಕೆಟ್ಟಾಗ ಸುಮ್ಮನಾಗುತ್ತಿರಲಿಲ್ಲ. ಏನು ಕೆಟ್ಟಿದೆ ಎಂಬುದನ್ನು ಪರದೆಯ ಮೇಲೆಯೇ ಬರೆದು ತೋರಿಸುತ್ತಿತ್ತು. ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತಿದ್ದರೆ ಪೆಟ್ಟಿಗೆ ಪ್ರೇಷಕದ ತಾಳವನ್ನು ಹಿಡಿಯಲಾರದೆ ಹೋಗಿದೆ ಎಂದರ್ಥ. ಹಿಂಬದಿಯ ಗುಂಡಿಯೊಂದನ್ನು ತಿರುಗಿಸಿ ತಾಳಕ್ಕೆ ತರಬೇಕು. ಚಿತ್ರ ನಾಲ್ಕು ಕಡೆಯಿಂದ ಕುಗ್ಗಿ ಸುತ್ತ ಕಪ್ಪು ಅಂಚು ಕಟ್ಟಿದರೆ ವಿದ್ಯುತ್ತಿನ ಒತ್ತಡ ಇಳಿದಿದೆ, ಸ್ಟೆಬಿಲೈಸರನ್ನು ನೋಡಬೇಕು. ಬಣ್ಣದ ಪರದೆಯ ಒಂದು ಮೂಲೆ ಹಸಿರೋ ನೇರಳೆಯೋ ಆದರೆ ಸಮೀಪದಲ್ಲಿ ಧ್ವನಿವರ್ಧಕದಂಥ ಅಯಸ್ಕಾಂತವಿದೆ. ಅದನ್ನು ದೂರ ಸರಿಸಬೇಕು.

ಪ್ರತಿಯೊಬ್ಬರ ಪಕ್ಕದಲ್ಲೂ ಅವರದೇ ತೆಳುವಾದ ನೆರಳು ನಿಂತರೆ, ಅಲೆ ಎರಡು ದಾರಿಯಿಂದ ಬರುತ್ತಿದೆ: ಒಂದು ನೇರವಾಗಿ, ಇನ್ನೊಂದು ಗುಡ್ಡಕ್ಕೋ ಎತ್ತರದ ಕಟ್ಟಡಕ್ಕೋ ತಗುಲಿ ತಡವಾಗಿ. ಈ ತಡವನ್ನು ಅಳೆಯಲೂ ಬಹುದಾಗಿತ್ತು. ಅಲೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ 300 ಮೀಟರು ಸಾಗುತ್ತದೆ. ಅಷ್ಟು ಹೊತ್ತಿನಲ್ಲಿ 20 ಅಂಗುಲದ ಪರದೆಯ ಮೇಲೆ ಚಿತ್ರ ಬರೆಯುವ ಕಿರಣ ಸುಮಾರು ಮುಕ್ಕಾಲು ಸೆಂಟಿಮೀಟರು ಮುಂದೆ ಹೋಗಿರುತ್ತದೆ. ಆದುದರಿಂದ ನೆರಳು ಮುಕ್ಕಾಲು ಸೆಂಟಿಮೀಟರು ಆಚೆ ಕಂಡರೆ ಎರಡನೆಯ ಅಲೆ 300 ಮೀಟರು ಹೆಚ್ಚು ಸುತ್ತಿ ಬಂದಿದೆ. ನಡುಮನೆಯಲ್ಲಿ ಅಡಿಕೋಲು ಹಿಡಿದು ಊರಾಚೆಯ ಗುಡ್ಡದ ಸುತ್ತುದಾರಿಯನ್ನು ಅಳೆಯುವ ಭಾಗ್ಯ ಆ ಕೆಟ್ಟ ಚಿತ್ರ ಕೊಟ್ಟದ್ದು.

ಇನ್ನು ಪರದೆಯ ಮೇಲಿನ ಹಿಮಪಾತ. ಆಂಟೆನಾಕ್ಕೆ ಪ್ರೇಷಕದ ದನಿ ಸಾಲದೆ ಬಂದಾಗ ಪೆಟ್ಟಿಗೆ ತನ್ನೊಳಗಿನ ಮತ್ತು ಹೊರಗಿನ ಗದ್ದಲವನ್ನೇ ಚಿತ್ರವೆಂದು ಬರೆಯುತ್ತಿತ್ತು. ಅಮೆರಿಕದ ಹೋಮ್‌ಡೆಲ್ ಎಂಬಲ್ಲಿ 1964ರಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿಜ್ಞಾನಿಗಳಿಗೂ ತಮ್ಮ ದೊಡ್ಡ ಕೊಂಬಿನಾಕಾರದ ಆಂಟೆನಾದಲ್ಲಿ ಹೋಗಲೊಲ್ಲದ ಒಂದು ಗದ್ದಲ ಎದುರಾಯಿತು. ಅವರು ಅದನ್ನು ಮೊದಲು ದುರಸ್ತಿಯ ಸಮಸ್ಯೆಯೆಂದೇ ಭಾವಿಸಿದರು. ಒಂದೊಂದು ಭಾಗವನ್ನೂ ಪರೀಕ್ಷಿಸಿದರು. ಕೊಂಬಿನೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಹೊರಗಟ್ಟಿ, ಹಿಕ್ಕೆಯನ್ನು ಉಜ್ಜಿ ತೆಗೆದರು. ಗದ್ದಲ ಹೋಗಲಿಲ್ಲ. ಯಂತ್ರದ ಎಲ್ಲ ಭಾಗಗಳೂ ಸರಿಯಾಗಿವೆ ಎಂದು ಖಚಿತವಾದ ಮೇಲೆ ಉಳಿದದ್ದು ವಿಶ್ವ ಒಂದೇ. ಅದು ಬ್ರಹ್ಮಾಂಡದ ಆದಿಸ್ಥಿತಿಯಿಂದ ಉಳಿದುಬಂದ ವಿಕಿರಣ. 1978ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮ್ಮ ಮನೆಯ ಪರದೆಯ ಹಿಮದಲ್ಲೂ ಒಂದು ಸಣ್ಣ ಪಾಲು ಅದೇ ಪುರಾತನ ವಿಕಿರಣದ್ದಾಗಿತ್ತು. ‘ಛೆ, ಏನೂ ಬರುತ್ತಿಲ್ಲ’ ಎಂದು ನಾವು ಗೊಣಗಿದ ಸಂಜೆಗಳಲ್ಲಿ ಸೃಷ್ಟಿಯ ಆದಿಕಾಲದ ಸುದ್ದಿ ಬರುತ್ತಲೇ ಇತ್ತು!

ಈ ವಿಜ್ಞಾನಿಗಳ ಕ್ರಮವನ್ನು ನಾನು ಬಹಳ ಮೊದಲೇ ನಮ್ಮ ಊರಿನಲ್ಲಿ ಕಂಡಿದ್ದೆ. ಅದು ಅವರ ಕ್ರಮವೆಂದು ಆಗ ತಿಳಿದಿರಲಿಲ್ಲ. ಒಂದು ಸಂಜೆ ನಮ್ಮ ಕಪ್ಪು-ಬಿಳುಪು ಪೆಟ್ಟಿಗೆ ಇದ್ದಕ್ಕಿದ್ದಂತೆ ಕತ್ತಲಾಯಿತು. ಊರವರೆಲ್ಲ ರೇಡಿಯೋ ಸಾಬರೆಂದು ಕರೆಯುತ್ತಿದ್ದ ಹಿರಿಯರು ಚರ್ಮದ ಚೀಲ ಹಿಡಿದು ಬಂದರು. ನಮ್ಮ ತಾಯಿ, “ಪೂರ್ತಿ ಕೆಟ್ಟುಹೋಯ್ತು ಸಾಬರೇ” ಎಂದರು. ಅವರು ಚೀಲ ಬಿಚ್ಚಲಿಲ್ಲ. “ಕೆಟ್ಟಿರೋದು ಯಾವುದು ಅಂತ ಆಮೇಲೆ ನೋಡೋಣ ತಾಯಿ. ಕೆಡದೆ ಇರೋದು ಯಾವುದು ಅಂತ ಮೊದಲು ಹೇಳಿ” ಎಂದರು. ದನಿ ಬರುತ್ತಿತ್ತು. ಹಾಗಾದರೆ ವಿದ್ಯುತ್ತು ಒಳಗೆ ಬರುತ್ತಿದೆ, ಆಂಟೆನಾ ಸರಿಯಾಗಿದೆ, ಅಲೆಯನ್ನು ಹಿಡಿಯುವ ಭಾಗವೂ ಸರಿಯಾಗಿದೆ. ಪರದೆಯ ಮೇಲೆ ಬರಿಯ ಬೆಳಕಾದರೂ ಇದೆಯೇ? ಇಲ್ಲ. ಅವರು ಮುಂಗೈಯನ್ನು ಗಾಜಿನ ಸಮೀಪಕ್ಕೆ ತಂದರು, ರೋಮ ನಿಮಿರಲಿಲ್ಲ. ಬಳಿಕ ದನಿಯನ್ನು ಪೂರ್ತಿ ತಗ್ಗಿಸಿ, ನನ್ನನ್ನು ಹತ್ತಿರ ಕರೆದು, “ನನ್ನ ಕಿವಿಗೆ ವಯಸ್ಸಾಯ್ತು ಮರಿ. ಒಳಗೆ ಸಣ್ಣಗೆ ಸೀಟಿ ಕೇಳುತ್ತಾ ನೋಡು” ಎಂದರು.

ಪ್ರತಿ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಗುಣಿಸಿದರೆ 15,625. ಗೆರೆ ಎಳೆಯುವ ಭಾಗ ಸೆಕೆಂಡಿಗೆ ಅಷ್ಟು ಸಲ ಕಂಪಿಸಿ ಸೂಜಿಯಂಥ ಸೀಟಿ ಹೊರಡಿಸುತ್ತದೆ. ಮಕ್ಕಳಿಗೆ ಅದು ಕೇಳುತ್ತದೆ, ಹಿರಿಯರಿಗೆ ಕೇಳುವುದಿಲ್ಲ. ನಾನು ದಿನವೂ ಕೇಳುತ್ತಿದ್ದ ಸೀಟಿ ಆ ಸಂಜೆ ಇರಲಿಲ್ಲ. “ಇಲ್ಲ” ಎಂದೆ. ಅವರಿಗೆ ಅಷ್ಟು ಸಾಕಾಯಿತು. ತಂತಿ ಕಿತ್ತು, ಹಿಂಬದಿಯ ಮುಚ್ಚಳ ತೆಗೆದು, ನನ್ನನ್ನು ದೂರ ನಿಲ್ಲಿಸಿದರು. ಚಿತ್ರದ ಕೊಳವೆಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತು, ತಂತಿ ಕಿತ್ತ ಮೇಲೂ ಹೊಂಚುಹಾಕಿ ಕುಳಿತಿರಬಹುದೆಂಬ ಭಯ ಆ ಕಸಬಿನವರಿಗೆ ಸದಾ ಇರಬೇಕು. ಅದನ್ನು ಇಳಿಸಿದ ಮೇಲೆ ಗೆರೆಯ ಟ್ರಾನ್ಸ್‌ಫಾರ್ಮರಿನ ಕಾಲ ಬಳಿ ಬೆಸುಗೆ ಬಿರುಕು ಬಿಟ್ಟದ್ದನ್ನು ತೋರಿಸಿದರು. ದಿನವೂ ಕಾದು ತಣಿದು, ಕಾದು ತಣಿದು ಲೋಹ ಹಾಗೆ ದಣಿಯುತ್ತದಂತೆ. ಪೆಟ್ಟಿಗೆಯ ತಲೆಗೆ ತಟ್ಟಿದರೆ ಚಿತ್ರ ಬರುವುದೂ ಇದರಿಂದಲೇ: ಬಿರುಕಿನ ಎರಡು ದಡಗಳು ಒಂದು ಕ್ಷಣ ಮುಟ್ಟುತ್ತವೆ. ಒಂದು ಹನಿ ಬೆಸುಗೆ ಬಿತ್ತು, ಸೀಟಿ ಮರಳಿತು, ಪರದೆ ಬೆಳಗಿತು. ಅವರು ಸಂಪೂರ್ಣ ನಾಶವೆಂದು ತೋರಿದ್ದನ್ನು ಒಂದು ಸಾಸಿವೆಕಾಳಿನಷ್ಟು ಜಾಗಕ್ಕೆ ಇಳಿಸಿದ ಬಗೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ.

ದೂರದರ್ಶನದ ಪೆಟ್ಟಿಗೆಯ ಹೆಗಲೇರಿಯೇ ಗಣಕಯಂತ್ರವೂ ಮನೆಗೆ ಬಂತು. ಬ್ರಿಟನ್ನಿನಲ್ಲಿ 1981ರ ಝಡ್‌ಎಕ್ಸ್81 ಮತ್ತು 1982ರ ಸ್ಪೆಕ್ಟ್ರಂ ಎಂಬ ಅಗ್ಗದ ಗಣಕಗಳಿಗೆ ಸ್ವಂತ ಪರದೆ ಇರಲಿಲ್ಲ; ಮನೆಯ ಟೀವಿಯ ಆಂಟೆನಾ ರಂಧ್ರಕ್ಕೆ ಅವುಗಳ ತಂತಿಯನ್ನು ಸಿಕ್ಕಿಸಬೇಕಿತ್ತು. ನೆನಪಿನ ಭಂಡಾರವೂ ಇರಲಿಲ್ಲ. ಹಾಡು ಕೇಳುವ ಟೇಪ್ ರೆಕಾರ್ಡರಿನ ಕ್ಯಾಸೆಟ್ಟೇ ಭಂಡಾರ. ಝಡ್‌ಎಕ್ಸ್81ರ ಬೆನ್ನಿಗೆ ಸಿಕ್ಕಿಸುವ ಹೆಚ್ಚುವರಿ ಸ್ಮೃತಿಯ ಡಬ್ಬಿ ಸ್ವಲ್ಪ ಅಲುಗಿದರೂ ಗಂಟೆಗಟ್ಟಲೆ ಬೆರಳಚ್ಚಿಸಿದ್ದೆಲ್ಲ ಮಾಯ. ಹುಡುಗರು ಗೋಡೆಗೆ ಚಿತ್ರ ಅಂಟಿಸುವ ಮೇಣದಂಥ ಅಂಟಿನಿಂದ ಅದನ್ನು ಬಿಗಿಮಾಡಿಕೊಂಡರು. ಕ್ಯಾಸೆಟ್ಟಿನಿಂದ ಕ್ರಮವಿಧಿ ಏರದಿದ್ದರೆ ಸಣ್ಣ ತಿರುಪುಳಿಯಿಂದ ಟೇಪಿನ ಓದುವ ತಲೆಯ ಓರೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿಯಿಂದಲೇ ಕೇಳಿ, ದನಿ ಎಲ್ಲಿ ಅತಿ ತೀಕ್ಷ್ಣವೋ ಅಲ್ಲಿ ನಿಲ್ಲಿಸುತ್ತಿದ್ದರು. ವೀಣೆಯ ಶ್ರುತಿ ಮಾಡುವುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಅದೇ ಕಾಲದಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಎಂಬ ಗಣಕ, 1984ರಲ್ಲಿ ಆರಂಭವಾದ ಯೋಜನೆಯೊಂದರ ಮೂಲಕ ನಮ್ಮ ದೇಶದ ಆಯ್ದ ಶಾಲೆಗಳಿಗೂ ಬಂತು.

ಬಾನುಲಿಯ ಕೇಳುಗರಿಗೆ ಪ್ರಿಯವಾಗಬಹುದಾದ ಸಂಗತಿಯೊಂದಿದೆ. 1980ರ ದಶಕದ ಮೊದಲಲ್ಲಿ ನೆದರ್‌ಲೆಂಡ್ಸಿನ ಬಾನುಲಿ ಗಣಕದ ಕ್ರಮವಿಧಿಗಳನ್ನೇ ಶಬ್ದವಾಗಿ ಪ್ರಸಾರ ಮಾಡುತ್ತಿತ್ತು. ಕೇಳುಗರು ಆ ಕಿರುಚನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ತಮ್ಮ ಗಣಕಕ್ಕೆ ಉಣಿಸುತ್ತಿದ್ದರು. ಆದರೆ ಇಲ್ಲೊಂದು ಮುಖ್ಯ ಭೇದವುಂಟು. ನನ್ನ ಈ ಮಾತಿನ ನಡುವೆ ಚರಪರ ಸದ್ದಾಗಿ ಒಂದು ಪದ ನುಂಗಿಹೋದರೆ ನೀವು ಊಹೆಯಿಂದ ಅದನ್ನು ತುಂಬಿಕೊಳ್ಳುತ್ತೀರಿ. ಗಣಕಕ್ಕೆ ಊಹೆಯಿಲ್ಲ. ಒಂದು ಅಂಕೆ ತಪ್ಪಿದರೆ ಅದು ಇಡೀ ಕ್ರಮವಿಧಿಯನ್ನೇ ನಿರಾಕರಿಸುತ್ತದೆ. ದೋಷದ ಸ್ವಭಾವ ಬದಲಾಗತೊಡಗಿದ್ದು ಇಲ್ಲಿಂದ.

ಆಮೇಲೆ ಬಂದ ಮೇಜಿನ ಗಣಕಗಳು ಕೆಲವು ಕಾಲ ಹಳೆಯ ಸೌಜನ್ಯವನ್ನು ಉಳಿಸಿಕೊಂಡಿದ್ದವು. ಏಳುವಾಗ ಒಂದು ಸಲ ಕೂಗಿದರೆ ಕ್ಷೇಮ. ಮತ್ತೆ ಮತ್ತೆ ಕೂಗಿದರೆ ಸ್ಮೃತಿಯ ಪಟ್ಟಿಯೋ ಮತ್ತೊಂದೋ ಸರಿಯಿಲ್ಲ. ನಮ್ಮ ಹುಡುಗರು ಆ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿ ಎಬ್ಬಿಸುತ್ತಿದ್ದರು. ಗಡಿಯಾರವನ್ನು ಕಾಯುವ ನಾಣ್ಯದಂಥ ಬ್ಯಾಟರಿ ಸತ್ತರೆ ಹಳೆಯ ಗಣಕಗಳು 1980ರ ಜನವರಿ 1ಕ್ಕೆ ಹಿಂದಿರುಗುತ್ತಿದ್ದವು. ಮರೆವು ಹಿಡಿದ ವೃದ್ಧರು ಬಾಲ್ಯಕ್ಕೆ ಮರಳುವುದನ್ನು ಕಂಡವರಿಗೆ ಈ ಲಕ್ಷಣ ಅಪರಿಚಿತವೆನಿಸದು.

ಈಗ ಪರದೆಗೆ ಬರುವುದೆಲ್ಲ ಅಂಕೆಗಳ ರೂಪದ್ದು. ಕೇಬಲ್ ಪ್ರಸಾರ ಬೆಂಗಳೂರು, ಮೈಸೂರುಗಳಲ್ಲಿ 2013ರ ಹಂತದಲ್ಲಿ ಡಿಜಿಟಲ್ ಆಯಿತು. ದೂರದರ್ಶನದ ಹಳೆಯ ರೀತಿಯ ನೆಲದ ಪ್ರೇಷಕಗಳು 2022ರ ಹೊತ್ತಿಗೆ, ಆಯಕಟ್ಟಿನ ಕೆಲವು ಸ್ಥಳಗಳ ಹೊರತು, ಮೌನವಾದವು. ಹೊಸ ಚಿತ್ರ ಬಂದರೆ ಕನ್ನಡಿಯಂತೆ ಬರುತ್ತದೆ, ಇಲ್ಲವಾದರೆ ಬರುವುದೇ ಇಲ್ಲ. ಮಲೆನಾಡಿನ ಜೋರು ಮಳೆಯಲ್ಲಿ ತಟ್ಟೆಯ ಆಂಟೆನಾಕ್ಕೆ ಬರುವ ಗಿಡ್ಡ ಅಲೆಗಳನ್ನು ನೀರಹನಿಗಳು ಹೀರಿಕೊಂಡಾಗ ಚಿತ್ರ ಕ್ಷಣಕಾಲ ಚೌಕಚೌಕವಾಗಿ ಒಡೆದು, ಹೆಪ್ಪುಗಟ್ಟಿ, ಮಾಯವಾಗುತ್ತದೆ. ನೆರಳಿಲ್ಲ, ಉರುಳಾಟವಿಲ್ಲ, ಸೀಟಿಯಿಲ್ಲ. ಮನೆಗಳಲ್ಲಿ ಉಳಿದಿರುವ ಮದ್ದು ಒಂದೇ: ಆರಿಸಿ ಮತ್ತೆ ಹಾಕುವುದು. ಕ್ರಮವಿಧಿ ತನ್ನ ತಯಾರಕ ಎಣಿಸದಿದ್ದ ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡಿರುತ್ತದೆ; ವಿದ್ಯುತ್ತು ಕಡಿದರೆ ಅದು ಮೊದಲಿನ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ರೋಗ ಗುಣವಾಗುತ್ತದೆ, ರೋಗ ಯಾವುದೆಂದು ಮಾತ್ರ ತಿಳಿಯುವುದಿಲ್ಲ.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ವಾಲ್ವುಗಳು ಬೇಗ ಸಾಯುತ್ತಿದ್ದವು. ಕೊಳವೆಯ ವಿದ್ಯುತ್ತು ಅಪಾಯಕರವಾಗಿತ್ತು. ಇಂದಿನ ಯಂತ್ರ ಮಾಡುವ ಕೆಲಸಕ್ಕೆ ಅಂದಿನದು ಸಾಟಿಯಲ್ಲ. ಆದರೆ ಅಂದಿನ ಪೆಟ್ಟಿಗೆಯ ಹಿಂದಿದ್ದ ತಿರುಪು ಎಲ್ಲರ ತಿರುಪುಳಿಗೂ ಬಗ್ಗುತ್ತಿತ್ತು; ಅನೇಕ ಪೆಟ್ಟಿಗೆಗಳ ಮುಚ್ಚಳದೊಳಗೆ ವಿದ್ಯುನ್ಮಂಡಲದ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಇಂದು ಎಷ್ಟೋ ಯಂತ್ರಗಳನ್ನು ತಿರುಪಿಲ್ಲದೆ ಅಂಟಿನಿಂದ ಮುಚ್ಚುತ್ತಾರೆ. ನಕ್ಷೆ ಹೊರಗಿನವರಿಗೆ ಸಿಗುವುದಿಲ್ಲ. ಕೊಂಡವನಿಗೆ ಯಂತ್ರ ಸಿಕ್ಕಿತು, ಅದರ ತಿಳಿವಳಿಕೆ ಮಾರಿದವನಲ್ಲೇ ಉಳಿಯಿತು. ಇದರ ವಿರುದ್ಧ ಈಚೆಗೆ ಜಗತ್ತಿನಲ್ಲಿ ದನಿ ಎದ್ದಿದೆ. ಫ್ರಾನ್ಸ್ ದೇಶ 2021ರಲ್ಲಿ ಟೀವಿ, ಮಡಿಲ ಗಣಕ ಮುಂತಾದವು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತವೆ ಎಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕಿ ತೋರಿಸುವುದನ್ನು ಕಡ್ಡಾಯಗೊಳಿಸಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿಯೊಂದನ್ನು ನೇಮಿಸಿ, ಅದೇ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ತೆರೆಯಿತು. ಐರೋಪ್ಯ ಒಕ್ಕೂಟ 2024ರಲ್ಲಿ ನಿರ್ದೇಶನವೊಂದನ್ನು ಅಂಗೀಕರಿಸಿತು.

ಕಾನೂನು ಮುಚ್ಚಳವನ್ನು ತೆರೆಸಬಹುದು. ಒಳಗೆ ನೋಡುವ ಕಣ್ಣನ್ನು ಅದು ಕೊಡಲಾರದು. ಆ ಕಣ್ಣು ಸಾಬರ ಪ್ರಶ್ನೆಯಲ್ಲಿತ್ತು. ಇಂದಿನ ಮೂಕ ಯಂತ್ರದ ಮುಂದೆಯೂ ಆ ಪ್ರಶ್ನೆ ನಡೆಯುತ್ತದೆ. ಪರದೆ ಕತ್ತಲಾದರೆ ತಂತಿಯೊಂದನ್ನೇ ಬದಲಿಸಿ ನೋಡಬಹುದು; ಅದೇ ತಂತಿಯನ್ನು ಬೇರೆ ಪರದೆಗೆ ಹಾಕಿ ನೋಡಬಹುದು; ಪಕ್ಕದ ಕೋಣೆಯ ಗಣಕಕ್ಕೆ ಸಂಪರ್ಕವಿದೆಯೇ ಎಂದು ವಿಚಾರಿಸಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದುದನ್ನು ಇದ್ದಂತೆ ಬಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದವನ ಯಂತ್ರ ಸರಿಹೋದೀತು, ಅವನಿಗೆ ಮಾತ್ರ ಏನೂ ತಿಳಿದಿರುವುದಿಲ್ಲ.

ರೇಡಿಯೋ ಸಾಬರ ಅಂಗಡಿ ಈಗಿಲ್ಲ. ಅದೇ ಜಾಗದಲ್ಲಿ ಹೊಸ ಪರದೆಗಳನ್ನು ಕಂತಿನ ಮೇಲೆ ಮಾರುವ ಮಳಿಗೆಯಿದೆ. ಈಚೆಗೆ ಊರಿಗೆ ಹೋಗಿದ್ದಾಗ ನಮ್ಮ ಮನೆಯ ಟೀವಿ ಮತ್ತೆ ಕತ್ತಲಾಗಿತ್ತು. ಹೊಸದನ್ನೇ ತರೋಣವೆಂದು ಎಲ್ಲರೂ ಹೊರಡುವ ಸನ್ನಾಹದಲ್ಲಿದ್ದಾಗ, ಕುರ್ಚಿಯಲ್ಲಿ ಕುಳಿತಿದ್ದ ನಮ್ಮ ತಾಯಿ ಕೇಳಿದರು: “ದನಿ ಬರ್ತಾ ಇದೆಯೇನೋ?”

ಬರುತ್ತಿತ್ತು.